ಅದೇ ಊಟ, ಬೇರೆ ಕ್ರಮ: ಶುಗರ್ ಯಾಕೆ ಕಡಿಮೆ ಏರುತ್ತದೆ?

ಒಂದು ತಟ್ಟೆಯಲ್ಲಿ ಬ್ರೆಡ್ಡು, ಸುಟ್ಟ ಕೋಳಿ ಮಾಂಸ, ಆವಿಯಲ್ಲಿ ಬೇಯಿಸಿದ ಬ್ರೊಕೊಲಿ, ಸೊಪ್ಪು-ಟೊಮೆಟೊ ಸಲಾಡ್ ಇದೆ. ಪಕ್ಕದಲ್ಲಿ ಕಿತ್ತಳೆ ರಸ. ಬ್ರೆಡ್ಡು ಮತ್ತು ರಸದಿಂದ ಶುರು ಮಾಡಿದರೂ ಹೊಟ್ಟೆಗೆ ಹೋಗುವುದು ಇದೇ ಊಟ, ಅವೆರಡನ್ನು ಕೊನೆಗೆ ಇಟ್ಟುಕೊಂಡರೂ ಇದೇ ಊಟ. ಅಂದ ಮೇಲೆ ಹೇಗೆ ತಿಂದರೂ ರಕ್ತದ ಸಕ್ಕರೆ ಒಂದೇ ಥರ ಏರಬೇಕು ಅಲ್ವಾ?

ಹಾಗಾಗುವುದಿಲ್ಲ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದೇ ಊಟವನ್ನು 11 ಜನರಿಗೆ ಒಂದು ವಾರದ ಅಂತರದಲ್ಲಿ ಎರಡು ಸಲ ಕೊಟ್ಟು ನೋಡಿದರು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಟೈಪ್ 2 ಮಧುಮೇಹ ಇತ್ತು, ಎಲ್ಲರೂ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮೊದಲ ಸಲ ಬ್ರೆಡ್ಡು ಮತ್ತು ರಸ ಮುಂಚೆ, 15 ನಿಮಿಷ ಬಿಟ್ಟು ಮಾಂಸ, ತರಕಾರಿ. ಮುಂದಿನ ವಾರ ಅದರ ತಿರುಗುಮುರುಗು. ಮಾಂಸ, ತರಕಾರಿ ಮೊದಲು ತಿಂದ ದಿನ ರಕ್ತದ ಸಕ್ಕರೆ ಅರ್ಧ ಗಂಟೆಯ ಅಳತೆಯಲ್ಲಿ ಸುಮಾರು ಶೇ. 29, ಒಂದು ಗಂಟೆಯ ಅಳತೆಯಲ್ಲಿ ಶೇ. 37, ಎರಡು ಗಂಟೆಯ ಅಳತೆಯಲ್ಲಿ ಶೇ. 17ರಷ್ಟು ಕಡಿಮೆ ಇತ್ತು. ಊಟ ಅದೇ, ಮಾತ್ರೆ ಅದೇ, ಜನರೂ ಅವರೇ.

ನನಗೆ ಇದರಲ್ಲಿ ಇನ್ನೊಂದು ಅಂಶ ಹೆಚ್ಚು ಮುಖ್ಯ ಅನಿಸುತ್ತದೆ. ಅವತ್ತು ಇನ್ಸುಲಿನ್ ಕೂಡ ಕಡಿಮೆ ಇತ್ತು. ಇನ್ಸುಲಿನ್ ಜಾಸ್ತಿ ಸುರಿದು ಸಕ್ಕರೆ ಇಳಿದಿದ್ದರೆ ಅದು ಮಾಮೂಲಿ ಸಂಗತಿ. ಇಲ್ಲಿ ದೇಹ ಕಡಿಮೆ ಇನ್ಸುಲಿನ್ ಬಳಸಿಯೇ ಕಡಿಮೆ ಸಕ್ಕರೆಯಲ್ಲಿ ನಿಭಾಯಿಸಿತು. ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಎಷ್ಟು ಅನ್ನುವುದರ ಜೊತೆಗೆ, ಎಷ್ಟು ಬೇಗ

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಬರೀ ಹೊಟ್ಟೆಯಲ್ಲಿ ಶುಗರ್ 90ರಿಂದ 100 ಇದೆ ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ ಅಷ್ಟು ಮಿಲಿಗ್ರಾಂ ಗ್ಲುಕೋಸ್ ಇದೆ ಎಂದರ್ಥ. ಲೆಕ್ಕ ಹಾಕಿ ನೋಡಿ. ಇಡೀ ರಕ್ತದಲ್ಲಿ ಇರುವುದು 5 ಗ್ರಾಂ ಮಾತ್ರ. ಒಂದು ಟೀ ಚಮಚ ಸಕ್ಕರೆಯಷ್ಟು!

ಮೇಲೆ ಹೇಳಿದ ಊಟದಲ್ಲಿ ಇದ್ದ ಕಾರ್ಬೋಹೈಡ್ರೇಟ್ 68 ಗ್ರಾಂ. ಇಡೀ ರಕ್ತದಲ್ಲಿ ಇರುವುದರ ಹದಿಮೂರು ಪಟ್ಟಿಗಿಂತ ಜಾಸ್ತಿ. ಅದೆಲ್ಲ ಒಟ್ಟಿಗೆ ಒಳಗೆ ಬಂದುಬಿಟ್ಟರೆ ಏನಾಗಬಹುದು ಊಹಿಸಿ. ಆರೋಗ್ಯವಂತರಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಒಂದು ಕಡೆಯಿಂದ ಸಕ್ಕರೆ ರಕ್ತಕ್ಕೆ ಬರುತ್ತಿದ್ದ ಹಾಗೆಯೇ ಇನ್ನೊಂದು ಕಡೆಯಿಂದ ಸ್ನಾಯುಗಳು ಮತ್ತು ಯಕೃತ್ತು ಅದನ್ನು ಎಳೆದುಕೊಳ್ಳುತ್ತಿರುತ್ತವೆ. ತಳದಲ್ಲಿ ಸಣ್ಣ ತೂತು ಇರುವ ತೊಟ್ಟಿಗೆ ನಲ್ಲಿಯಿಂದ ನೀರು ಬಿಟ್ಟ ಹಾಗೆ ಇದು. ಎರಡು ಕೊಡ ನೀರನ್ನು ದಡಬಡ ಸುರಿದರೆ ತೊಟ್ಟಿ ತುಂಬಿ ಹರಿಯುತ್ತದೆ. ಅದೇ ಎರಡು ಕೊಡ ಸಣ್ಣಗೆ ಬಿಟ್ಟರೆ ಮಟ್ಟ ಏರುವುದೇ ಕಮ್ಮಿ. ಟೈಪ್ 2 ಮಧುಮೇಹದಲ್ಲಿ ತಳದ ತೂತು ಕಿರಿದಾಗಿರುತ್ತದೆ. ತಿನ್ನುವ ಕ್ರಮ ಮುಟ್ಟುವುದು ಆ ತೂತನ್ನಲ್ಲ, ನಲ್ಲಿಯನ್ನು.

ಆ ನಲ್ಲಿ ಇರುವುದು ಜಠರದಲ್ಲಿ. ನಾವು ತಿಂದ ಪಿಷ್ಟ, ಅಂದರೆ ಅನ್ನ, ಬ್ರೆಡ್ಡಿನಂಥವುಗಳಲ್ಲಿ ಇರುವ ಕಾರ್ಬೋಹೈಡ್ರೇಟ್, ಜಠರದಲ್ಲಿ ಇರುವವರೆಗೆ ರಕ್ತಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಅದು ಸಣ್ಣ ಕರುಳಿಗೆ ಇಳಿಯಬೇಕು, ಅಲ್ಲಿ ಗ್ಲುಕೋಸ್ ಆಗಿ ಒಡೆಯಬೇಕು, ಆಮೇಲೆ ಕರುಳಿನ ಗೋಡೆ ದಾಟಬೇಕು. ಜಠರದ ಕೆಳತುದಿಯಲ್ಲಿ ಪೈಲೋರಸ್ ಅನ್ನುವ ಬಿಗಿಯಾದ ಸ್ನಾಯು ಇದೆ. ಅರೆದು ನುಣ್ಣಗಾದ ಆಹಾರವನ್ನು ಅದು ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತದೆ, ನಿಮಿಷಕ್ಕೆ ಸುಮಾರು 1ರಿಂದ 4 ಕ್ಯಾಲೊರಿಯಷ್ಟು. ಒಂದಕ್ಕೂ ನಾಲ್ಕಕ್ಕೂ ಎಷ್ಟು ವ್ಯತ್ಯಾಸ ನೋಡಿ. ಊಟವಾದ ಮೇಲಿನ ಮೊದಲ ಏರಿಕೆ ಒಬ್ಬರಿಗೆ ಜೋರಾಗಿ, ಇನ್ನೊಬ್ಬರಿಗೆ ಮೆಲ್ಲಗೆ ಆಗುವುದಕ್ಕೆ ಸುಮಾರು ಮೂರರಲ್ಲಿ ಒಂದು ಪಾಲು ಕಾರಣ ಜಠರ ಖಾಲಿಯಾಗುವ ಈ ವೇಗವೇ.

ಈ ವೇಗವನ್ನು ಯಾರು ನಿರ್ಧರಿಸುತ್ತಾರೆ? ಬಹುಪಾಲು ಸಣ್ಣ ಕರುಳೇ. ಅದರ ಒಳಗೋಡೆಯಲ್ಲಿ ಏನು ಬಂತು ಎಂದು ಗುರುತಿಸುವ ಕೋಶಗಳಿವೆ. ಕೊಬ್ಬು ಅಥವಾ ಪ್ರೋಟೀನ್ ಬಂದು ತಾಗಿದರೆ ಅವು ಹಾರ್ಮೋನುಗಳನ್ನು ಬಿಡುತ್ತವೆ. ಇವನ್ನು ಜೀರ್ಣಿಸಲು ಸಮಯ ಬೇಕು, ಮೇಲಿನಿಂದ ನಿಧಾನವಾಗಿ ಕಳಿಸು ಅನ್ನುವ ಸಂದೇಶ ಜಠರಕ್ಕೆ ಹೋಗುತ್ತದೆ. ಕ್ರಮಕ್ಕೆ ಬೆಲೆ ಬರುವುದು ಇಲ್ಲಿಯೇ. ಪಿಷ್ಟ ಮೊದಲು ಹೋದರೆ ಈ ಸಂದೇಶ ಇನ್ನೂ ಹೊರಟಿರುವುದಿಲ್ಲ. ಮೀನೋ ಮೊಟ್ಟೆಯೋ ಕಾಳೋ ಮೊದಲು ಹೋದರೆ, ಪಿಷ್ಟ ಜಠರಕ್ಕೆ ಬರುವ ಹೊತ್ತಿಗೆ ನಲ್ಲಿ ಆಗಲೇ ಅರ್ಧ ಮುಚ್ಚಿರುತ್ತದೆ.

ಇದು ಬರೀ ಊಹೆಯಲ್ಲ. ಜಪಾನಿನ ಒಸಾಕಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜಠರ ಖಾಲಿಯಾಗುವ ವೇಗವನ್ನೂ ಅಳೆದಿದ್ದಾರೆ. ಒಂದು ದಿನ ಅನ್ನ ಮೊದಲು, ಮೀನು ಆಮೇಲೆ. ಇನ್ನೊಂದು ದಿನ ಮೀನು ಮೊದಲು, 15 ನಿಮಿಷ ಬಿಟ್ಟು ಅನ್ನ. ಮತ್ತೊಂದು ದಿನ ಮೀನಿನ ಬದಲು ಮಾಂಸ. ಮೀನು ಅಥವಾ ಮಾಂಸ ಮೊದಲಾದಾಗ ಜಠರ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಿತು, ಸಕ್ಕರೆಯ ಏರಿಕೆ ತಗ್ಗಿತು. ಮಧುಮೇಹ ಇದ್ದವರಲ್ಲೂ ಹೀಗೇ ಆಯಿತು, ಇಲ್ಲದವರಲ್ಲೂ ಹೀಗೇ ಆಯಿತು.

ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಇದಕ್ಕಿಂತ ಮುಂಚೆಯೇ ಇನ್ನೂ ಸರಳವಾದ ಪ್ರಯೋಗಗಳು ನಡೆದಿದ್ದವು. ಟೈಪ್ 2 ಮಧುಮೇಹ ಇದ್ದವರಿಗೆ ಬೇಯಿಸಿ ಹಿಸುಕಿದ ಆಲೂಗಡ್ಡೆ ಕೊಡುವ ಅರ್ಧ ಗಂಟೆ ಮೊದಲು ಹಾಲಿನ ವೇ ಪ್ರೋಟೀನ್ 55 ಗ್ರಾಂ ಬೆರೆಸಿದ ಸೂಪ್ ಕುಡಿಸಿದರು. ಅದೇ ಪ್ರೋಟೀನನ್ನು ಇನ್ನೊಂದು ದಿನ ಆಲೂಗಡ್ಡೆಯೊಳಗೇ ಕಲಸಿ ಕೊಟ್ಟರು. ಎರಡರಿಂದಲೂ ಸಕ್ಕರೆಯ ಏರಿಕೆ ಕಡಿಮೆಯಾಯಿತು. ಆದರೆ ಜಠರ ಹೆಚ್ಚು ನಿಧಾನವಾದದ್ದು ಮೊದಲೇ ಕುಡಿದಾಗ. ಇನ್ನೊಂದು ಸಲ ಮೊದಲೇ ಆಲಿವ್ ಎಣ್ಣೆ ಕುಡಿಸಿದಾಗಲೂ ಜಠರ ನಿಧಾನವಾಯಿತು, ಸಕ್ಕರೆ ತಡವಾಗಿ ಏರಿತು. ಇದನ್ನು ಓದಿ ಊಟಕ್ಕೆ ಮುಂಚೆ ಎಣ್ಣೆ ಕುಡಿಯುವ ಅಭ್ಯಾಸ ಮಾತ್ರ ಬೇಡ. 30 ಮಿಲಿಲೀಟರ್ ಎಣ್ಣೆ ಅಂದರೆ ಸುಮಾರು 250 ಕ್ಯಾಲೊರಿ. ಏರಿಕೆ ಒಂದಷ್ಟು ಮುಂದೆ ಹೋಗಲಿ ಎಂದು ಅಷ್ಟು ಕ್ಯಾಲೊರಿ ಸೇರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಬರಬೇಕು

ಕರುಳು ಬಿಡುವ ಹಾರ್ಮೋನುಗಳಲ್ಲಿ ಜಿಎಲ್‌ಪಿ-1 ಹೆಸರು ಈಗ ಮನೆಮಾತಾಗಿದೆ, ತೂಕ ಇಳಿಸುವ ಇಂಜೆಕ್ಷನ್‌ಗಳಿಂದಾಗಿ. ಸೆಮಾಗ್ಲುಟೈಡ್‌ನಂಥ ಔಷಧಗಳು ಇದೇ ಹಾರ್ಮೋನಿನ ಕೆಲಸ ಮಾಡುತ್ತವೆ. ಮೈಯಲ್ಲೇ ತಯಾರಾಗುವ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷಗಳಲ್ಲೇ ಒಡೆದುಹೋಗುತ್ತದೆ. ಔಷಧ ದಿನಗಟ್ಟಲೆ ಉಳಿಯುತ್ತದೆ. ಹಾಗಾಗಿ ತರಕಾರಿ ಮೊದಲು ತಿಂದರೆ ಇಂಜೆಕ್ಷನ್‌ನಷ್ಟೇ ಫಲ ಅನ್ನುವ ಮಾತನ್ನು ನಂಬಬೇಡಿ. ಆದರೂ ಊಟದ ಹೊತ್ತಿಗೆ ಇದು ಮಾಡುವ ಕೆಲಸ ಸಣ್ಣದಲ್ಲ. ಜಠರವನ್ನು ನಿಧಾನ ಮಾಡುತ್ತದೆ. ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಬಿಡಲು ಹೇಳುತ್ತದೆ. ಒಳಗೆ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುವಂತೆ ಯಕೃತ್ತಿಗೆ ಹೇಳುವ ಗ್ಲುಕಗಾನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಒಸಾಕಾದ ಪ್ರಯೋಗದಲ್ಲಿ ಮೀನು, ಮಾಂಸ ಮೊದಲು ತಿಂದಾಗ ಇದರ ಪ್ರಮಾಣ ಹೆಚ್ಚಾಗಿತ್ತು.

ಹೊತ್ತು ಯಾಕೆ ಮುಖ್ಯ? ಆರೋಗ್ಯವಂತರಲ್ಲಿ ಸಕ್ಕರೆ ಏರಲು ಶುರುವಾದ ಕೆಲವೇ ನಿಮಿಷಗಳಲ್ಲಿ ಇನ್ಸುಲಿನ್ ಒಂದು ಸಲ ಜೋರಾಗಿ ಹೊರಬರುತ್ತದೆ. ಟೈಪ್ 2 ಮಧುಮೇಹದಲ್ಲಿ ಮೊದಲು ಕೈಕೊಡುವುದು ಈ ಮೊದಲ ಅಲೆಯೇ. ಇನ್ಸುಲಿನ್ ಬರುತ್ತದೆ, ಆದರೆ ತಡವಾಗಿ. ಅಷ್ಟರಲ್ಲಿ ಸಕ್ಕರೆ ಮೇಲೇರಿ ಕೂತಿರುತ್ತದೆ. ಅದನ್ನು ಇಳಿಸಲು ಮತ್ತೆ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಪ್ರೋಟೀನ್ ಮೊದಲು ಹೋದರೆ ಅದರಿಂದ ಬರುವ ಅಮೈನೋ ಆಮ್ಲಗಳು ಮತ್ತು ಈ ಹಾರ್ಮೋನುಗಳು ಸೇರಿ ಇನ್ಸುಲಿನ್ ಅನ್ನು ಮುಂಚಿತವಾಗಿಯೇ ಹೊರಡಿಸುತ್ತವೆ. ಹಿಂದಿನಿಂದ ಬರುವ ಸಕ್ಕರೆಯೂ ನಿಧಾನವಾಗಿ ಬರುತ್ತದೆ. ಹೀಗಾಗಿ ಒಟ್ಟು ಕಡಿಮೆ ಇನ್ಸುಲಿನ್‌ನಲ್ಲೇ ಕೆಲಸ ಮುಗಿಯುತ್ತದೆ. ನ್ಯೂಯಾರ್ಕಿನ ಆ ಫಲಿತಾಂಶ ಅರ್ಥವಾಗುವುದು ಹೀಗೆ ನೋಡಿದಾಗ.

ಹಾಗಾದರೆ ತರಕಾರಿ?

ತರಕಾರಿ ಮೊದಲು ತಿನ್ನಿ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ. ಅದಕ್ಕೆ ಕೊಡುವ ಕಾರಣ ನಾರು. ನಾರಿನಲ್ಲಿ ಎರಡು ಬಗೆ. ಒಂದು, ನೀರಿನಲ್ಲಿ ಕರಗಿ ಲೋಳೆಯಾಗುವಂಥದ್ದು. ಓಟ್ಸ್, ಬೀನ್ಸ್, ಬೆಂಡೆಕಾಯಿಯಲ್ಲಿ ಇರುವುದು ಇದು. ಇದು ಕರುಳಿನಲ್ಲಿರುವ ಆಹಾರವನ್ನು ಗಟ್ಟಿ ಮಾಡುತ್ತದೆ, ಗ್ಲುಕೋಸ್ ಗೋಡೆಯ ಹತ್ತಿರ ಬರಲು ತಡವಾಗುತ್ತದೆ. ಇನ್ನೊಂದು, ಕರಗದೆ ಹಾಗೇ ಉಳಿಯುವಂಥದ್ದು. ಎಲೆ ತರಕಾರಿಯಲ್ಲಿ ಬಹಳಷ್ಟು ಇಂಥದ್ದೇ. ಅದು ಮಲಬದ್ಧತೆಗೆ ಒಳ್ಳೆಯದು, ಆದರೆ ಸಕ್ಕರೆಯ ವೇಗ ತಗ್ಗಿಸುವುದರಲ್ಲಿ ಅಷ್ಟು ಬಲಶಾಲಿ ಅಲ್ಲ. ಹಾಗಾಗಿ ನಾಲ್ಕು ಚೂರು ಸೌತೆಕಾಯಿ ಬಾಯಿಗೆ ಹಾಕಿಕೊಂಡು, ಈಗ ಅನ್ನ ಎಷ್ಟು ತಿಂದರೂ ನಡೆಯುತ್ತದೆ ಅಂದುಕೊಂಡರೆ ತಪ್ಪಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ತರಕಾರಿಯ ಜೊತೆಗೆ ಒಂದಿಷ್ಟು ಪ್ರೋಟೀನ್ ಇದ್ದಾಗಲೇ ಈ ಕ್ರಮಕ್ಕೆ ನಿಜವಾದ ಬಲ. ನಾರು, ಪ್ರೋಟೀನ್ ಎರಡೂ ಒಟ್ಟಿಗೆ ಇರುವ ಬೇಳೆಕಾಳುಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ.

ತರಕಾರಿಯಿಂದ ಶುರು ಮಾಡುವುದರಲ್ಲಿ ಇನ್ನೊಂದು ಲಾಭವೂ ಇದೆ. ಹಸಿವು ಜೋರಾಗಿದ್ದಾಗ ಕೈಗೆ ಸಿಕ್ಕಿದ್ದನ್ನು ಜಾಸ್ತಿ ತಿನ್ನುತ್ತೇವೆ. ಆಗ ಮುಂದೆ ಇರುವುದು ತರಕಾರಿ ಆದರೆ ಅದೇ ಜಾಸ್ತಿ ಹೋಗುತ್ತದೆ. ಅನ್ನ ಅಥವಾ ಬ್ರೆಡ್ಡಿನ ಸರದಿ ಬರುವಾಗ ಹೊಟ್ಟೆ ಅರ್ಧ ತುಂಬಿರುತ್ತದೆ. ಜಪಾನಿನಲ್ಲಿ ಮಧುಮೇಹ ಇದ್ದವರನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಬಂತು. ಒಂದು ಗುಂಪಿಗೆ ಯಾವ ಆಹಾರದ ಬದಲು ಯಾವುದನ್ನು ಎಷ್ಟು ತಿನ್ನಬಹುದು ಅನ್ನುವ ಲೆಕ್ಕದ ಪಟ್ಟಿ ಕೊಟ್ಟಿದ್ದರು. ಇನ್ನೊಂದಕ್ಕೆ, ಪಿಷ್ಟಕ್ಕಿಂತ ಮೊದಲು ತರಕಾರಿ ತಿನ್ನಿ ಎಂದು ಹೇಳಿಕೊಟ್ಟಿದ್ದರು. ಹೆಚ್ಚು ಸುಧಾರಿಸಿದ್ದು ಎರಡನೆಯ ಗುಂಪಿನ ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ. ಅಲ್ಲಿ ಕ್ರಮದ ಪಾಲು ಎಷ್ಟು, ತಿಂದ ಪ್ರಮಾಣ ಬದಲಾದದ್ದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ನೆನಪಿಡಲು ಸುಲಭವಾದ ಮಾತನ್ನು ಜನ ವರ್ಷಗಟ್ಟಲೆ ಪಾಲಿಸುತ್ತಾರೆ, ಅದೂ ಕಡೆಗಣಿಸುವ ಸಂಗತಿಯಲ್ಲ.

ಊಟದ ಮುಂದೆ ಕೂತಾಗ

ಪ್ರಯೋಗಗಳಲ್ಲಿ 10-15 ನಿಮಿಷ ಅಂತರ ಬಿಟ್ಟಿದ್ದಾರೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಊಟ ಮಾಡಬೇಕಾಗಿಲ್ಲ. ತರಕಾರಿ, ಕಾಳು, ಮೊಟ್ಟೆ, ಮೀನು, ಇವುಗಳಲ್ಲಿ ಏನಿದೆಯೋ ಅದರ ಬಹುಪಾಲನ್ನು ಚೆನ್ನಾಗಿ ಅಗಿದು ತಿನ್ನುವ ಹೊತ್ತಿಗೆ ಹೇಗೂ ಹತ್ತು ನಿಮಿಷ ಆಗುತ್ತದೆ. ಆಮೇಲೆ ಪಿಷ್ಟ.

ಎಲ್ಲವನ್ನೂ ಕಲಸಿಕೊಂಡು ತಿನ್ನುವವರು ಏನು ಮಾಡಬೇಕು? ನ್ಯೂಯಾರ್ಕಿನ ಅದೇ ತಂಡ 2017ರಲ್ಲಿ ಇದನ್ನೂ ಪರೀಕ್ಷಿಸಿತು. ಈ ಸಲ 16 ಜನ. ಮಾಂಸ, ತರಕಾರಿ, ಬ್ರೆಡ್ಡು ಸೇರಿಸಿ ಸ್ಯಾಂಡ್‌ವಿಚ್ ಮಾಡಿ ಒಂದು ದಿನ ಕೊಟ್ಟರು. ಬ್ರೆಡ್ಡು ಕೊನೆಗೆ ತಿಂದ ದಿನ ಸಕ್ಕರೆಯ ಗರಿಷ್ಠ ಏರಿಕೆ, ಬ್ರೆಡ್ಡು ಮೊದಲು ತಿಂದ ದಿನದ ಅರ್ಧಕ್ಕಿಂತ ಕಡಿಮೆ ಇತ್ತು. ಸ್ಯಾಂಡ್‌ವಿಚ್ ತಿಂದ ದಿನಕ್ಕೆ ಹೋಲಿಸಿದರೂ ಶೇ. 40ರಷ್ಟು ಕಡಿಮೆಯೇ. ಅಂದರೆ ಕಲಸಿ ತಿನ್ನುವುದು ಪಿಷ್ಟವನ್ನು ಮೊದಲು ತಿನ್ನುವುದಕ್ಕಿಂತ ಸ್ವಲ್ಪ ವಾಸಿ, ಕೊನೆಗೆ ತಿನ್ನುವಷ್ಟು ಒಳ್ಳೆಯದಲ್ಲ. ಪೂರ್ತಿ ಬೇರೆ ಮಾಡಲು ಆಗದಿದ್ದರೆ, ಕಲಸುವ ಮುಂಚೆ ತರಕಾರಿ ಮತ್ತು ಕಾಳಿನ ಒಂದು ಭಾಗವನ್ನು ಹಾಗೇ ತಿಂದುಬಿಡಿ.

ಯಾವುದು ಯಾವ ಗುಂಪು ಅನ್ನುವಲ್ಲಿ ತುಂಬ ಜನ ಎಡವುತ್ತಾರೆ. ಆಲೂಗಡ್ಡೆ ಅಡುಗೆಮನೆಯಲ್ಲಿ ತರಕಾರಿ, ಕರುಳಿಗೆ ಮಾತ್ರ ಪಿಷ್ಟ. ಜೋಳದ ತೆನೆ, ಗೆಣಸು ಕೂಡ ಹಾಗೇ. ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿಯನ್ನು ಊಟಕ್ಕೆ ಮುಂಚೆ ತಿಂದರೆ ಮೊದಲು ಒಳಗೆ ಹೋಗುವುದರಲ್ಲಿ ಹಿಟ್ಟೂ ಇರುತ್ತದೆ. ಹಿಟ್ಟು ಕದಡಿ ಗಟ್ಟಿ ಮಾಡಿದ ಸೂಪ್ ಕೂಡ ಅಂಥದ್ದೇ. ಎಲ್ಲಕ್ಕಿಂತ ಕಷ್ಟ ಕೊಡುವುದು ಸಿಹಿ ಪಾನೀಯ ಮತ್ತು ಹಣ್ಣಿನ ರಸ. ಗಟ್ಟಿ ಆಹಾರವನ್ನು ಜಠರ ಅರೆಯಬೇಕು. ನೀರಿನಂಥದ್ದಕ್ಕೆ ಆ ಕೆಲಸವೇ ಇಲ್ಲ, ಬೇಗ ಇಳಿದುಹೋಗುತ್ತದೆ. ಬರೀ ಹೊಟ್ಟೆಗೆ ರಸ ಕುಡಿದು ಆಮೇಲೆ ಊಟಕ್ಕೆ ಕೂತರೆ, ಉಳಿದದ್ದನ್ನು ಯಾವ ಕ್ರಮದಲ್ಲಿ ತಿಂದರೂ ಆ ಮೊದಲ ಏರಿಕೆ ಆಗಿಯೇ ಆಗಿರುತ್ತದೆ. ಸಿಹಿ ತಿನ್ನಲೇಬೇಕು ಅನಿಸಿದರೆ ಊಟದ ಕೊನೆಯೇ ವಾಸಿ.

ಇಷ್ಟೆಲ್ಲ ಆದರೂ ತಿಂದ ಪಿಷ್ಟ ಎಲ್ಲಿಗೂ ಹೋಗಿರುವುದಿಲ್ಲ. ಅದರ ಬಹುಪಾಲು ಕೊನೆಗೆ ರಕ್ತಕ್ಕೆ ಬಂದೇ ಬರುತ್ತದೆ, ನಿಧಾನವಾಗಿ. ಕೊನೆಗೆ ತಿನ್ನುತ್ತೇನೆ ಅಂತ ಎರಡು ಪಟ್ಟು ತಿಂದರೆ ಲಾಭವೆಲ್ಲ ಕೈಬಿಟ್ಟು ಹೋಗುತ್ತದೆ. ಮೇಲಿನ ಹೆಚ್ಚಿನ ಪ್ರಯೋಗಗಳು ಸಣ್ಣವು, ಒಂದೊಂದು ಊಟದ ಮಟ್ಟಿಗೆ ಮಾಡಿದವು ಅನ್ನುವುದನ್ನೂ ಮರೆಯಬಾರದು. ಔಷಧ, ನಡಿಗೆ, ತಿನ್ನುವ ಪ್ರಮಾಣ, ಇವುಗಳ ಜಾಗದಲ್ಲಿ ಇದನ್ನು ಇಡಬೇಡಿ, ಅವುಗಳ ಜೊತೆಗೆ ಇಟ್ಟುಕೊಳ್ಳಿ.

ಮಧುಮೇಹ ಇಲ್ಲದವರಿಗೆ ಒಂದು ಮಾತು. ಊಟವಾದ ಮೇಲೆ ಸಕ್ಕರೆ ಏರುವುದು ಸಹಜ. ಎರಡು ಗಂಟೆಯ ಹೊತ್ತಿಗೆ 140ಕ್ಕಿಂತ ಕೆಳಗೆ ಬರುತ್ತಿದ್ದರೆ ನಿಮ್ಮ ದೇಹ ತನ್ನ ಕೆಲಸ ತಾನು ಮಾಡುತ್ತಿದೆ. ಪ್ರತಿ ಸಣ್ಣ ಏರಿಕೆಗೂ ಹೆದರಿ ತಟ್ಟೆಯ ಮುಂದೆ ಲೆಕ್ಕ ಹಾಕುತ್ತಾ ಕೂರಬೇಡಿ. ಊಟದ ಸುಖ ಹಾಳಾಗುತ್ತದೆ, ಬೇರೆ ಲಾಭ ಕಾಣೆ. ಟೈಪ್ 2 ಇರುವವರು, ಅದರ ಅಂಚಿನಲ್ಲಿ ಇರುವವರು ಗಮನ ಕೊಟ್ಟರೆ ಫಲ ಇದೆ.

ಅಂಥವರು ಗ್ಲುಕೋಮೀಟರ್ ಇದ್ದರೆ ತಾವೇ ನೋಡಬಹುದು. ಒಂದೇ ಊಟ, ಒಂದೇ ಪ್ರಮಾಣ, ದಿನದ ಒಂದೇ ಹೊತ್ತು. ಒಂದು ದಿನ ಪಿಷ್ಟ ಮೊದಲು, ಇನ್ನೊಂದು ದಿನ ಕೊನೆಗೆ. ಊಟಕ್ಕೆ ಮುಂಚೆ, ಊಟ ಶುರು ಮಾಡಿ ಒಂದು ಗಂಟೆಗೆ, ಎರಡು ಗಂಟೆಗೆ ಅಳೆಯಿರಿ. ಮೂರನೇ ಗಂಟೆಗೂ ಒಂದು ಸಲ ನೋಡಿದರೆ ಒಳ್ಳೆಯದು, ಏರಿಕೆ ತಗ್ಗಿದೆಯೋ ಸುಮ್ನೆ ತಡವಾಗಿದೆಯೋ ಗೊತ್ತಾಗುತ್ತದೆ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೂ ಸಂಖ್ಯೆ ಸುಳ್ಳಾಗುತ್ತದೆ, ಕೈ ತೊಳೆದು ಒರೆಸಿಕೊಂಡು ಚುಚ್ಚಿಕೊಳ್ಳಿ. ಒಳ್ಳೆಯ ಮೀಟರ್ ಕೂಡ ಶೇ. 15ರಷ್ಟು ಆಚೀಚೆ ತೋರಿಸಬಹುದು. 160ಕ್ಕೂ 150ಕ್ಕೂ ಇರುವ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ. ಎರಡು-ಮೂರು ಸಲ ಮಾಡಿ ನೋಡಿದ ಮೇಲೆ ತೀರ್ಮಾನಕ್ಕೆ ಬನ್ನಿ.

ಎಚ್ಚರ ಬೇಕಾದವರು

ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್ ಚುಚ್ಚಿಕೊಳ್ಳುವವರು ಏಕಾಏಕಿ ಕ್ರಮ ಬದಲಿಸಬಾರದು. ಇನ್ಸುಲಿನ್ ತನ್ನ ಹೊತ್ತಿಗೆ ಕೆಲಸ ಶುರು ಮಾಡುತ್ತದೆ, ಪಿಷ್ಟ ಮಾತ್ರ ತಡವಾಗಿ ಇಳಿಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಶುಗರ್ ಕುಸಿಯಬಹುದು. ಮೈಯಲ್ಲಿ ಇನ್ಸುಲಿನ್ ಹೆಚ್ಚು ಬಿಡಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರೂ ವೈದ್ಯರನ್ನು ಕೇಳಿಯೇ ಶುರು ಮಾಡಲಿ. ಬಹಳ ವರ್ಷ ಮಧುಮೇಹ ಇದ್ದು ಜಠರದ ನರಗಳು ಸೋತವರಲ್ಲಿ ಹೊಟ್ಟೆ ಮೊದಲೇ ನಿಧಾನವಾಗಿರುತ್ತದೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗಾಗುವುದು, ವಾಂತಿ ಬರುವ ಹಾಗಾಗುವುದು ಅದರ ಲಕ್ಷಣ. ಅಂಥವರಿಗೆ ಇನ್ನಷ್ಟು ನಾರು, ಇನ್ನಷ್ಟು ಕೊಬ್ಬು ಕಷ್ಟವನ್ನೇ ಕೊಡುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುಂಚೆ ಕೇಳಬೇಕು.

ಇನ್ನು ಶುಗರ್ 70ಕ್ಕಿಂತ ಕೆಳಗೆ ಇಳಿದು ಕೈ ನಡುಗಿ ಬೆವರುತ್ತಿರುವಾಗ ಈ ಲೇಖನದ ಕ್ರಮ ಪೂರ್ತಿ ತಿರುಗುಮುರುಗು. ಆಗ ನಮಗೆ ಬೇಕಾದದ್ದು ವೇಗವೇ. ಗ್ಲುಕೋಸ್ ಪುಡಿ, ಸಕ್ಕರೆ ನೀರು ಅಥವಾ ಹಣ್ಣಿನ ರಸ, ಒಟ್ಟು 15 ಗ್ರಾಂ ಸಕ್ಕರೆಯಷ್ಟು, ಮೊದಲು ಅದನ್ನೇ ತೆಗೆದುಕೊಳ್ಳಬೇಕು. ಚಾಕೊಲೇಟ್ ಸಿಹಿಯಾಗಿದ್ದರೂ ಆ ಹೊತ್ತಿಗೆ ಬೇಡ, ಅದರಲ್ಲಿರುವ ಕೊಬ್ಬು ಜಠರವನ್ನು ನಿಧಾನ ಮಾಡಿಬಿಡುತ್ತದೆ. 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಇನ್ನೂ 70 ದಾಟದಿದ್ದರೆ ಮತ್ತೊಮ್ಮೆ ಅಷ್ಟೇ ಸಕ್ಕರೆ. ದಾಟಿದ ಮೇಲೆ, ಮುಂದಿನ ಊಟಕ್ಕೆ ಇನ್ನೂ ಹೊತ್ತಿದ್ದರೆ, ಸ್ವಲ್ಪ ಪ್ರೋಟೀನ್ ಇರುವ ತಿಂಡಿ ತಿನ್ನಿ.